ಆ ಚುಕ್ಕಿಗಿ ನೀರ ಐತೇನ್ರಿ?

ಗೋಕಾಕ

ಚಿಲಿ ದೇಶಕ್ಕೆ ಹೊರಟವನು ಕರದಂಟು ಕಟ್ಟಿಸಿಕೊಳ್ಳಬೇಕೆಂದು ಯಾವ ವಿಜ್ಞಾನವೂ ಹೇಳುವುದಿಲ್ಲ. ಆದರೆ ಮೂಡಲಗಿಯಿಂದ ಗಂಗಕ್ಕ ಫೋನ್ ಮಾಡಿ, "ಗೋಕಾಕದವ್ರು ಬರೇ ಕೈಲೆ ಹೋದ್ರ ಊರ ಹೆಸರ ಹೋಗತೈತಿ" ಎಂದು ಗದರಿಸಿದ್ದಳು. ಗಂಗಕ್ಕ ನನ್ನ ಹೆಂಡತಿಯ ಅಕ್ಕ. ಅವಳ ಮಾತು ಮೀರುವ ಧೈರ್ಯ ಹೆಂಡತಿ ಇದ್ದಾಗಲೂ ನನಗಿರಲಿಲ್ಲ.

ಅಂಗಡಿಯ ಸಾವಕಾರ ಡಬ್ಬಿಗೆ ಹಾಳೆ ಸುತ್ತುತ್ತ ಕೇಳಿದ. "ಎಲ್ಲಿಗಿ ಹೊಂಟೀರಿ ಮಾಸ್ತರ್ರ? ಪುಣೇಕೇನು?"

"ಚಿಲಿಗೆ."

"ಚಳಿಗೇನ್ರಿ? ಹಂಗಾರ ಉತ್ತತ್ತಿ ಜಾಸ್ತಿ ಇರೂದು ಒಯ್ರಿ. ಮೈ ಬೆಚ್ಚಗ ಇರತೈತಿ."

ನಾನು ತಿದ್ದಲಿಲ್ಲ. ಉತ್ತತ್ತಿ ಜಾಸ್ತಿ ಇರುವುದನ್ನೇ ಒಯ್ದೆ.

ನಾನು ಕಾಲೇಜಿನಲ್ಲಿ ಭೌತಶಾಸ್ತ್ರ ಕಲಿಸುವವನು. ಧಾರವಾಡದಲ್ಲಿ ಓದುವಾಗ ನಕ್ಷತ್ರದ ಬೆಳಕನ್ನು ಬಣ್ಣಬಣ್ಣವಾಗಿ ಬಿಡಿಸಿ ನೋಡುವ ಕೆಲಸ ಕಲಿತೆ. ಕಾಮನಬಿಲ್ಲನ್ನು ಉದ್ದಕ್ಕೆ ಎಳೆದು ಹಾಸಿದರೆ ನಡುನಡುವೆ ಕಪ್ಪು ಗೆರೆಗಳು ಕಾಣುತ್ತವೆ. ಯಾವ ಗೆರೆ ಎಲ್ಲಿದೆ ಎಂಬುದರಿಂದ ಅಲ್ಲಿ ಏನಿದೆ ಎಂದು ತಿಳಿಯುತ್ತದೆ. ದೂರದ ಒಂದು ನಕ್ಷತ್ರದ ಮುಂದೆ ಅದರ ಗ್ರಹ ಹಾದುಹೋಗುವಾಗ ಬೆಳಕು ತುಸು ಕುಂದುತ್ತದೆ. ಗ್ರಹಕ್ಕೆ ಗಾಳಿಯ ಹೊದಿಕೆ ಇದ್ದರೆ ಆ ಗಾಳಿ ಕೆಲವು ಬಣ್ಣಗಳನ್ನು ಹೆಚ್ಚಾಗಿ ಕುಡಿಯುತ್ತದೆ. ನೀರಿನ ಆವಿ ಯಾವ ಬಣ್ಣ ಕುಡಿಯುತ್ತದೆಂದು ನಮಗೆ ಗೊತ್ತು. ಅದು ಕಣ್ಣಿಗೆ ಕಾಣುವ ಬಣ್ಣವಲ್ಲ, ಉಪಕರಣಕ್ಕೆ ಕಾಣುವಂಥದು. ಆಕಾಶದಲ್ಲಿ ಸುತ್ತುವ ದೂರದರ್ಶಕ ಹಿಡಿದ ಬೆಳಕನ್ನು ಮನೆಯ ಕಂಪ್ಯೂಟರಿನಲ್ಲಿ ಅಳೆಯುತ್ತ ಕೂತಾಗ, ಒಂದು ಚಿಕ್ಕ ಕೆಂಪು ನಕ್ಷತ್ರದ ಗ್ರಹದ ಹತ್ತಿರ, ನೀರು ಇರಬೇಕಾದ ಜಾಗದಲ್ಲಿ ನನ್ನ ಅಳತೆಯ ಗೆರೆಗೆ ಒಂದು ತಗ್ಗು ಕಂಡಿತು. ಎರಡು ಸಲ ನೋಡಿದೆ, ಎರಡು ಸಲವೂ ಇತ್ತು. ಅದು ನಿಜವೋ ಅಲ್ಲವೋ ಎಂದು ಇನ್ನೊಮ್ಮೆ ನೋಡಲು, ಇದೇ ಕೆಲಸ ಮಾಡುವ ಬೇರೆ ದೇಶದವರು ನನ್ನನ್ನು ಚಿಲಿಯ ಬೆಟ್ಟಕ್ಕೆ ಕರೆದಿದ್ದರು.

ಈ ಕೆಲಸಕ್ಕೆ ನನ್ನನ್ನು ಹಚ್ಚಿದವಳು ನನ್ನ ಹೆಂಡತಿ ಸುವರ್ಣಾ ಎಂದು ಎಲ್ಲ ಕಡೆ ಹೇಳಿಕೊಂಡು ಬಂದಿದ್ದೆ. ದೀಪಾವಳಿಯ ಸಂಜೆ. ಕಟ್ಟೆಯ ಮೇಲೆ ಪಣತಿಗಳು. ದಕ್ಷಿಣಕ್ಕೆ ಅಗಸ್ತ್ಯ ನಕ್ಷತ್ರ. ಅವಳು ಅದರ ಕಡೆ ನೋಡಿ, "ಆ ಚುಕ್ಕಿಗಿ ನೀರ ಐತೇನ್ರಿ?" ಎಂದು ಕೇಳಿ ನಕ್ಕಳು. ಮುಂದಿನ ಬೇಸಿಗೆಗೆ ಲಿಂಗೈಕ್ಯಳಾದಳು. ಇಡೀ ಸಂಸಾರದಲ್ಲಿ ನನ್ನ ನಕ್ಷತ್ರಗಳ ಬಗ್ಗೆ ಅವಳು ಕೇಳಿದ ಪ್ರಶ್ನೆ ಅದೊಂದೇ. ಆ ಚುಕ್ಕಿಯಲ್ಲದಿದ್ದರೂ ಇನ್ನೊಂದು ಚುಕ್ಕಿಯಿಂದ ಅದಕ್ಕೆ ಉತ್ತರ ತರಲು ಹೊರಟಿದ್ದೆ.

ನನ್ನ ನೆನಪಿನ ಮೇಲೆ ನನಗೆ ಅಷ್ಟೇನೂ ನಂಬಿಕೆ ಇಲ್ಲ. ಗೋಕಾಕ ಫಾಲ್ಸಿನ ತೂಗುಸೇತುವೆಯ ಮೇಲೆ ಸುವರ್ಣಾ ಹೆದರಿ ನನ್ನ ತೋಳು ಹಿಡಿದಿದ್ದಳು ಎಂದು ನನ್ನ ನೆನಪು. ಹೆದರಿ ಹಿಡಿದದ್ದು ನೀವೇ ಎಂದು ಅವಳ ವಾದ. ಈಗ ವಾದ ಮಾಡುವವರಿಲ್ಲ. ಹಾಗಾಗಿ ಅವಳೇ ಹೆದರಿದ್ದಳು ಎಂಬುದು ಖಾಯಂ ಆಗಿಬಿಟ್ಟಿದೆ. ಇಂಥವು ಎಷ್ಟಿವೆಯೋ. ಆದರೆ ಚುಕ್ಕಿಯ ಮಾತಿನ ಮೇಲೆ ಮಾತ್ರ ಎಂದೂ ಸಂಶಯಪಟ್ಟಿರಲಿಲ್ಲ.

ಸಾಂಟಿಯಾಗೊ

ಚಿಲಿಗೆ ಹೊರಗಿನ ಕಾಳು, ಬೀಜ, ಹಣ್ಣು ಬರಬಾರದು. ಹುಳ ಬಂದು ದ್ರಾಕ್ಷಿ ತೋಟ ಕೆಟ್ಟಾವೆಂಬ ಹೆದರಿಕೆ. ವಿಮಾನ ನಿಲ್ದಾಣದಲ್ಲಿ ಒಂದು ಸಾಧು ನಾಯಿ ನನ್ನ ಚೀಲ ಮೂಸಿ, ಅದರ ಬಾಜೂ ಕೂತುಬಿಟ್ಟಿತು. ಸಮವಸ್ತ್ರದ ಹೆಣ್ಣುಮಗಳು ಡಬ್ಬಿ ತೆಗೆಸಿದಳು.

"ಇದರಲ್ಲಿ ಏನೇನಿದೆ?"

"ಬೆಲ್ಲ, ಒಣಕೊಬ್ಬರಿ, ಗೋಡಂಬಿ, ಉತ್ತತ್ತಿ, ಅಂಟು."

ಅಂಟು ಎಂದರೆ ಏನೆಂದು ಹೇಳಲು ಹೋಗಿ ಇಂಗ್ಲಿಷಿನಲ್ಲಿ ಎಡವಿದೆ. ಕಾಗದ ಅಂಟಿಸುವ ಅಂಟಿನ ಹೆಸರೇ ಬಾಯಿಗೆ ಬಂತು.

"ಅದನ್ನು ತಿನ್ನುತ್ತೀರಾ?"

"ಹಾಗೇ ತಿನ್ನುವುದಿಲ್ಲ. ತುಪ್ಪದಲ್ಲಿ ಕರಿದು ತಿನ್ನುತ್ತೇವೆ."

ಅವಳು ಇಬ್ಬರು ಸಹೋದ್ಯೋಗಿಗಳನ್ನು ಕರೆದಳು. ಮೂವರೂ ಡಬ್ಬಿ ನೋಡಿದರು, ನನ್ನನ್ನು ನೋಡಿದರು, ನನ್ನ ಹಲ್ಲುಗಳನ್ನೂ ನೋಡಿದರು ಎಂದು ಕಾಣುತ್ತದೆ. ಕೊನೆಗೆ ಅವಳು ಎದೆಯ ಮೇಲೆ ಕೈಯಿಟ್ಟು, ತನ್ನ ಮನೆಯವರಿಗೇ ಹೇಳುವ ಹಾಗೆ ಕ್ಷಮೆ ಕೇಳಿ, ಗೋಕಾಕದ ಹೆಸರಿದ್ದ ಡಬ್ಬಿಯನ್ನು ದೊಡ್ಡ ತೊಟ್ಟಿಗೆ ಹಾಕಿದಳು. ನಾಯಿ ಇನ್ನೂ ನನ್ನ ಕಡೆಯೇ ನೋಡುತ್ತಿತ್ತು. ತಪ್ಪು ಹುಡುಕಿದ್ದಕ್ಕೆ ಅದಕ್ಕೂ ಬೇಸರವಾದಂತಿತ್ತು.

ಲಾ ಸೆರೆನಾ

ನನ್ನನ್ನು ಕರೆಸಿದವರಲ್ಲಿ ಒಬ್ಬಳಾದ ಎಲೇನಾ ಸಮುದ್ರದ ದಂಡೆಯ ಈ ಊರಿನಲ್ಲಿ ಇರುತ್ತಾಳೆ. ನಕ್ಷತ್ರಗಳ ಬೆಳಕನ್ನೇ ಜೀವಮಾನವಿಡೀ ನೋಡಿದ, ತಲೆ ಪೂರ್ತಿ ಬೆಳ್ಳಗಾದ ಹೆಂಗಸು. ಇಲ್ಲಿಯವರು ಭೇಟಿಯಾದಾಗ ಕೆನ್ನೆಗೆ ಕೆನ್ನೆ ತಾಗಿಸುತ್ತಾರೆ. ನಾನು ಕೈ ಮುಗಿಯಲು ಬಾಗಿದ್ದೆ, ಅವಳು ಕೆನ್ನೆ ಮುಂದೆ ಮಾಡಿದಳು, ನನ್ನ ಕನ್ನಡಕ ಅವಳ ಕಿವಿಯೋಲೆಗೆ ಸಿಕ್ಕಿಬಿತ್ತು. ಬಿಡಿಸಿಕೊಳ್ಳುವಷ್ಟರಲ್ಲಿ ನಮ್ಮಿಬ್ಬರಿಗೂ ಒಳ್ಳೆಯ ಪರಿಚಯವಾಗಿತ್ತು.

ಇಲ್ಲಿ ಸಂಜೆಯ ಚಹಾಕ್ಕೆ 'ಹನ್ನೊಂದು' ಎಂದು ಹೆಸರು. ಸಂಜೆ ಕುಡಿಯುವುದಕ್ಕೆ ಯಾಕೆ ಆ ಹೆಸರು ಎಂದು ಕೇಳಿದರೆ ಒಬ್ಬೊಬ್ಬರು ಒಂದೊಂದು ಕಥೆ ಹೇಳುತ್ತಾರೆ, ಎಲ್ಲರೂ ತಮ್ಮದೇ ಖರೆ ಎನ್ನುತ್ತಾರೆ. ಬ್ರೆಡ್ಡಿನ ಮೇಲೆ ಬೆಣ್ಣೆಹಣ್ಣನ್ನು ಜಜ್ಜಿ, ಉಪ್ಪು ಹಾಕಿ ಹಚ್ಚಿಕೊಟ್ಟಳು. ನೋಡಲು ಹಸಿಮೆಣಸಿನಕಾಯಿ ಖಾರದ ಹಾಗಿತ್ತು. ಧೈರ್ಯ ಮಾಡಿ ಕಚ್ಚಿದರೆ ಖಾರವೂ ಇಲ್ಲ, ರುಚಿಯೂ ಇಲ್ಲ. ಕಿಟಕಿಯಲ್ಲಿ ಚಂದ್ರ ಬಂದಿದ್ದ. ಭೂಮಿಯ ಈ ಕಡೆಯಿಂದ ನೋಡಿದರೆ ಅವನೊಳಗಿನ ಮೊಲ ತಲೆಕೆಳಗು. ಪುಸ್ತಕದಲ್ಲಿ ಓದಿದ್ದು, ತರಗತಿಯಲ್ಲಿ ಕಲಿಸಿದ್ದು, ಆದರೂ ಕಂಡಾಗ ಕತ್ತು ಓರೆ ಮಾಡಿ ಅದನ್ನು ನೆಟ್ಟಗೆ ನಿಲ್ಲಿಸಲು ನೋಡಿದೆ.

ನಾನು ಸುವರ್ಣಾಳ ಪ್ರಶ್ನೆಯ ಕಥೆ ಹೇಳಿದೆ. ಎಲ್ಲರಿಗೂ ಹೇಳುವ ಹಾಗೆ, ಎಲ್ಲಿ ತಡೆಯಬೇಕೋ ಅಲ್ಲಿ ತಡೆದು. ಎಲೇನಾ ಕಪ್ಪು ಕೆಳಗಿಟ್ಟಳು.

"ಆ ಹಬ್ಬ ಯಾವ ತಿಂಗಳು?"

"ಅಕ್ಟೋಬರ್, ಇಲ್ಲವೇ ನವೆಂಬರ್."

"ಸಂಜೆಯೇ?"

"ಸಂಜೆಯೇ. ದೀಪ ಹಚ್ಚಿದ್ದರು."

"ನಿಮ್ಮೂರಿನಿಂದ ಆ ತಿಂಗಳ ಸಂಜೆಗೆ ಅಗಸ್ತ್ಯ ಹುಟ್ಟಿರುವುದಿಲ್ಲವಲ್ಲ?"

ಅಂಗಿಯ ಮೇಲಿನ ದಾರದೆಳೆ ತೆಗೆಯುವಷ್ಟು ಮೆತ್ತಗೆ ಹೇಳಿದಳು. ಮನಸ್ಸಿನಲ್ಲೇ ಲೆಕ್ಕ ಹಾಕಿದೆ. ಖರೆ. ಊರು ಮಲಗುವ ಹೊತ್ತಿಗೆ ಅದು ಹುಟ್ಟುತ್ತದೆ. ಸಂಜೆಯ ಅಗಸ್ತ್ಯ ಮಾಘ, ಫಾಲ್ಗುಣದ್ದು. ನಕ್ಷತ್ರ ಬಲ್ಲವನೆಂದು ಹೇಳಿಕೊಳ್ಳುವ ನಾನು, ಈ ಕಥೆಯನ್ನು ಇಷ್ಟು ಕಡೆ ಹೇಳಿಯೂ ಒಮ್ಮೆಯೂ ಆ ಲೆಕ್ಕ ಮಾಡಿರಲಿಲ್ಲ.

"ಹಾಗಾದರೆ ನಸುಕು ಇದ್ದೀತು," ಎಂದೆ.

"ಇರಬಹುದು," ಎಂದು ಎಲೇನಾ ಇನ್ನಷ್ಟು ಚಹಾ ಸುರಿದಳು.

ಬೆಟ್ಟ

ಬೆಟ್ಟದ ಮೇಲೆ ಹಗಲು ಹೊತ್ತು ಯಾರೂ ಗಟ್ಟಿಯಾಗಿ ಮಾತಾಡುವುದಿಲ್ಲ. ನೋಡುವವರು ಹಗಲು ಮಲಗುತ್ತಾರೆ. ಓಣಿಯುದ್ದಕ್ಕೂ ಕರಿ ಪರದೆ, ಬಾಗಿಲುಗಳಿಗೆ ತುಟಿಯ ಮೇಲೆ ಬೆರಳಿಟ್ಟ ಚಿತ್ರ. ಸೂತಕದ ಮನೆಗೆ ಬಂದವನ ಹಾಗೆ ಚಪ್ಪಲಿ ಕೈಯಲ್ಲಿ ಹಿಡಿದು ಓಡಾಡಿದೆ. ಹೊರಗೆ ಒಂದು ಹುಲ್ಲುಕಡ್ಡಿಯೂ ಇಲ್ಲದ ಗುಡ್ಡಗಳು. ಅರಭಾವಿಯ ತೋಟಗಾರಿಕೆ ಕಾಲೇಜಿನವರು ಬಂದರೆ ಮೊದಲ ದಿನವೇ ಬಸ್ಸು ಹತ್ತಿಯಾರು ಎಂದುಕೊಂಡೆ.

ಎಲೇನಾಳಿಗೆ ಗ್ರಹ ಬೇಕಿರಲಿಲ್ಲ. ಅವಳ ಕೆಲಸ ನಕ್ಷತ್ರದ ಮುಖ ನೋಡುವುದು. ಅದು ಯಾಕೆ ಬೇಕೆಂದು ನಮ್ಮ ಕಡೆಯ ಮಾತಿನಲ್ಲಿ ಹೇಳುತ್ತೇನೆ. ಉರಿಯುವ ಕಂದೀಲಿನ ಗಾಜಿನ ಮುಂದೆ ಒಂದು ನೊಣ ಹಾದುಹೋಯಿತು ಎನ್ನಿ. ಬೆಳಕು ಎಷ್ಟು ಕುಂದಿತೆಂದು ಅಳೆದು ನೊಣ ಎಂಥದೆಂದು ಹೇಳಬೇಕು. ಗಾಜು ಸ್ವಚ್ಛ ಇದ್ದರೆ ಸರಿ. ಗಾಜಿಗೆ ಅಲ್ಲಲ್ಲಿ ಮಸಿ ಹಿಡಿದಿದ್ದರೆ? ನೊಣ ಸ್ವಚ್ಛ ಜಾಗದಲ್ಲೇ ಹಾದರೂ ಲೆಕ್ಕ ತಪ್ಪುತ್ತದೆ. ಲೆಕ್ಕದಲ್ಲಿ ಗಾಜಿನ ಮಸಿ ನೊಣದ ಮೈಗೆ ಹತ್ತುತ್ತದೆ. ಚಿಕ್ಕ ಕೆಂಪು ನಕ್ಷತ್ರಗಳಿಗೂ ಹಾಗೆ ಕಲೆಗಳಿರುತ್ತವೆ. ಆ ಕಲೆಗಳು ಉಳಿದ ಮೈಗಿಂತ ತಂಪು. ನೀರಿನ ಆವಿ ಅಲ್ಲಿ ಉಳಿಯುವಷ್ಟು ತಂಪು. ಇದು ನನಗೆ ಗೊತ್ತಿಲ್ಲದ ಸಂಗತಿಯಲ್ಲ. ಗೊತ್ತಿದ್ದೂ, ನನ್ನ ನಕ್ಷತ್ರದ ಕಲೆಗಳು ಸಣ್ಣವು ಎಂದು ಹಿಡಿದಿದ್ದೆ.

ನಕ್ಷತ್ರ ತಿರುಗುತ್ತದೆ. ನಾನು ನೋಡಿದ ಎರಡೂ ಸಲ ಅದರ ಕಲೆಯ ಮುಖ ನಮ್ಮ ಕಡೆಗಿತ್ತು ಎಂದು ಎಲೇನಾಳ ಅಂದಾಜು. ಈ ಸಲ ಕಲೆಗಳು ಆಚೆ ಹೊರಳಿದ ಹೊತ್ತಿಗೆ ಗ್ರಹ ಹಾಯುವುದಿತ್ತು. ಆಕಾಶದಲ್ಲಿನ ದೂರದರ್ಶಕ ಗ್ರಹವನ್ನು ನೋಡಿತು, ಬೆಟ್ಟದಿಂದ ನಾವು ನಕ್ಷತ್ರವನ್ನು ನೋಡಿದೆವು. ನೀರು ಗ್ರಹದ್ದೇ ಆದರೆ ತಗ್ಗು ಇದ್ದಲ್ಲೇ ಇರಬೇಕು.

ಎಲ್ಲ ಅಳತೆಗಳೂ ಬಂದು ಸೇರಿದ ಮಧ್ಯಾಹ್ನ ಎಲೇನಾ ನನ್ನ ಹಳೆಯ ಗೆರೆಯ ಮೇಲೆ ಹೊಸ ಗೆರೆ ಇಟ್ಟಳು. ಹೊಸದು ನೇರ ಇತ್ತು. ನಮ್ಮ ಕಾಲುವೆಯ ಏರಿಯ ಹಾಗೆ, ತಗ್ಗಿಲ್ಲದೆ.

"ನೀರು ಇದೆ," ಎಂದಳು ಅವಳು. "ನೀವು ಕಂಡದ್ದು ಸುಳ್ಳಲ್ಲ. ಆದರೆ ಅದು ಹಾದುಹೋದವಳದ್ದಲ್ಲ. ಬೆಳಕಿನದೇ."

ಅವರ ಭಾಷೆಯಲ್ಲಿ ಗ್ರಹ ಗಂಡೋ ಹೆಣ್ಣೋ ನನಗೆ ತಿಳಿಯದು. ಎಲೇನಾ ಇಂಗ್ಲಿಷಿನಲ್ಲಿ ಹೇಳಿದಳು, ನಾನೇ ಹಾಗೆ ಕೇಳಿಸಿಕೊಂಡೆನೋ ಏನೋ. ನಾನು ಕಂಡ ನೀರು ನಕ್ಷತ್ರದ ಕಲೆಗಳದ್ದು. ಗ್ರಹಕ್ಕೆ ಗಾಳಿಯೇ ಇಲ್ಲದಿರಬಹುದು, ಇದ್ದರೂ ಇರಬಹುದು. ನಮ್ಮ ಕೈಲಿದ್ದದ್ದರಿಂದ ಅದನ್ನು ಹೇಳಲಾಗುತ್ತಿರಲಿಲ್ಲ. ಅಲ್ಲಿ ನೀರು ಕಂಡಿದೆ ಎಂದಂತೂ ಹೇಳಲಾಗುತ್ತಿರಲಿಲ್ಲ.

ಉತ್ತರ ಹೋಯಿತು, ಪ್ರಶ್ನೆಯನ್ನಾದರೂ ಉಳಿಸಿಕೊಳ್ಳೋಣವೆಂದು ಮರುದಿನ ಬೆಳಿಗ್ಗೆ ಗಂಗಕ್ಕನಿಗೆ ಫೋನ್ ಮಾಡಿದೆ. ಆ ದೀಪಾವಳಿಗೆ ಅವಳು ನಮ್ಮ ಮನೆಯಲ್ಲೇ ಇದ್ದಳು. ಇಷ್ಟು ದಿನ ಅವಳನ್ನು ಕೇಳುವ ಅಗತ್ಯ ಕಂಡಿರಲಿಲ್ಲ. ಮೂಡಲಗಿಯಲ್ಲಿ ಆಗ ಸಂಜೆ. ರೊಟ್ಟಿ ಬಡಿಯುವ ಸದ್ದು ಕೇಳುತ್ತಿತ್ತು.

"ಯಾರು, ಮಾಸ್ತರ್ರ? ಅಯ್ಯ, ಬಾಜೂ ಮನ್ಯಾಗಿಂದ ಮಾತಾಡಿದಂಗ ಕೇಳಾಕತ್ತೈತಿ! ಕರದಂಟ ಸೇರಿತೇನ್ರಿ ಅವರಿಗಿ?"

"ಬಾಳ ಸೇರಿತ್ರಿ ಅಕ್ಕಾರ."

"ಹೂಂ. ಉಂಡ್ರೇನು?"

"ಇಲ್ಲಿ ಈಗ ಬೆಳಗಾಗೇತಿ. ಅಕ್ಕಾರ, ಒಂದ ಕೇಳ್ತೇನಿ. ಸುವರ್ಣಾ ಇದ್ದಾಗಿನ ಕಡೀ ದೀಪಾವಳಿ. ಆವಾಗ ಆಕಿ ಚುಕ್ಕಿ, ನೀರು ಅಂತ ಏನೋ ಅಂದಿದ್ಲು. ನೆನಪೈತೇನ್ರಿ?"

ರೊಟ್ಟಿಯ ಸದ್ದು ನಿಂತಿತು.

"ನೆನಪಿಲ್ದ ಏನ್ರಿ? ನೀರ ತುಂಬೂ ಹಬ್ಬದ ಮರುದಿನ, ನಸುಕಿನ್ಯಾಗ. ಎಣ್ಣಿ ಹಚ್ಚಿ ನೀರ ಹಾಕಿದ್ವಿ ನಿಮಗ. ಆರತಿಗೆ ಕುಂಡ್ರೂದ ಬಿಟ್ಟು, ಹಸಿ ಮೈಲೆ ಹೊರಗ ಬಂದ್ರಿ, ಮುಗಲ ನೋಡಾಕ. ಆಕಿ ಆಗಷ್ಟ ರಂಗೋಲಿ ಚುಕ್ಕಿ ಇಟ್ಟ ಎದ್ದಿದ್ಲು. ನಿಮ್ಮ ಮೈಯಾಗಿನ ನೀರ ತಟತಟ ಸೋರಾಕತ್ತಿತ್ತು. 'ಆ ಚುಕ್ಕಿಗಿ ನೀರ ಹತ್ತೇತೇನ್ರಿ' ಅಂದ್ಲು. ನೀವು ಮ್ಯಾಲ ನೋಡ್ಕೋತ, 'ಇದ್ರೂ ಇರಬಹುದು, ಇನ್ನಾ ಯಾರೂ ನೋಡಿಲ್ಲ' ಅಂದ್ರಿ! ನಾವಿಬ್ರೂ ಬಿದ್ದ ಬಿದ್ದ ನಕ್ಕಿವಿ."

ನಗು ನನಗೂ ನೆನಪಿತ್ತು.

"ಆಕಿ ಮುಗಲ ನೋಡಿ ಕೇಳಿದ್ಲಂತ ತಿಳ್ಕೊಂಡಿದ್ದೆ, ಅಕ್ಕಾರ."

"ಆಕಿ ಮ್ಯಾಲ ಹ್ಯಾಂಗ ನೋಡ್ಬೇಕ್ರಿ? ಕುತ್ತಿಗಿಗೆ ಪಟ್ಟಾ ಇತ್ತಲ್ಲ. ದಸರಾದಿಂದನ ಇತ್ತು. ತಲಿ ಎತ್ತಾಕ ಬರ್ತಿದ್ದಿಲ್ಲ ಆಕಿಗಿ."

ಕುತ್ತಿಗೆಯ ಮೂಳೆಗೆ ಹತ್ತಿದ ಬೇನೆಯಿಂದಲೇ ಸುವರ್ಣಾ ಹೋದದ್ದು. ಪಟ್ಟಿ ಹಾಕಿದ್ದು ಸಂಕ್ರಾಂತಿ ಆದಮೇಲೆ ಎಂದು ನನ್ನ ನೆನಪು. ಗಂಗಕ್ಕನ ನೆನಪೂ ನೆನಪೇ, ಅದಕ್ಕೂ ಕಲೆ ಇರಬಹುದು ಎಂದು ಮನಸ್ಸಿನಲ್ಲೇ ವಾದ ಹೂಡಿದೆ. ಆದರೆ ಅಗಸ್ತ್ಯ ನಸುಕಿನಲ್ಲಿತ್ತು. ಹಬ್ಬದ ನೀರು ನಸುಕಿನಲ್ಲೇ ಹಾಕುತ್ತಾರೆ. ನಗು ಕೂಡ ಸರಿಯಾಗಿ ಕೂತಿತು. ಕೂರದೆ ಉಳಿದದ್ದು ನಾನು ಹೇಳಿಕೊಂಡು ಬಂದ ಕಥೆಯೊಂದೇ.

"ಮಾಸ್ತರ್ರ? ಅದೀರೇನ್ರಿ?"

"ಹೂಂ, ಅದೇನಿ ಅಕ್ಕಾರ."

ಇಳಿಯುವ ದಾರಿ

ಬೆಟ್ಟದಿಂದ ಇಳಿಯುವಾಗ ಎಲೇನಾ ಕಾರು ಓಡಿಸುತ್ತಿದ್ದಳು. ತಿರುವಿನಲ್ಲಿ ಒಂದು ಪುಟ್ಟ ಗೂಡು, ನಮ್ಮ ಹೊಲದ ಬದುವಿನ ದೇವರ ಗುಡಿಯಷ್ಟು. ಸುತ್ತಲೂ ನೂರಾರು ಬಾಟಲಿ, ಎಲ್ಲದರಲ್ಲೂ ನೀರು. ಯಾವ ಕಾಲದಲ್ಲೋ ಒಬ್ಬ ತಾಯಿ ಕೂಸು ಎತ್ತಿಕೊಂಡು ಮರುಭೂಮಿ ದಾಟುವಾಗ ನೀರಡಿಸಿ ಸತ್ತಳಂತೆ. ಕೂಸು ಅವಳ ಮೊಲೆಗೆ ಬಾಯಿಟ್ಟೇ ಬದುಕಿತ್ತಂತೆ. ಅಂದಿನಿಂದ ದಾರಿಹೋಕರು ಅವಳಿಗೆ ನೀರಿಡುತ್ತಾರೆ.

ಅಲ್ಲಿ ನಿಂತು ಎಲೇನಾಳಿಗೆ ಫೋನಿನ ಸಂಗತಿ ಹೇಳಿದೆ. ನಮ್ಮ ಕಡೆ ನಕ್ಷತ್ರಕ್ಕೂ ಚುಕ್ಕಿ ಎನ್ನುತ್ತೇವೆ, ರಂಗೋಲಿಯ ಬೊಟ್ಟಿಗೂ ಚುಕ್ಕಿ ಎನ್ನುತ್ತೇವೆ, ಮೈಮೇಲಿನ ಸಣ್ಣ ಕಲೆಗೂ ಚುಕ್ಕಿ ಎನ್ನುತ್ತೇವೆ ಎಂದೆ. ಅವಳು ಆ ಮಾತನ್ನು ಎರಡು ಸಲ ಬಾಯಲ್ಲಿ ಹೊರಳಿಸಿದಳು.

"ಹಾಗಾದರೆ ನಿಮ್ಮ ಹೆಂಡತಿಯ ಮಾತು ಸರಿಯಾಯಿತಲ್ಲ. ನೀರು ಚುಕ್ಕಿಯದೇ."

"ಇಲ್ಲ," ಎಂದೆ. ಬೇಕಾದದ್ದಕ್ಕಿಂತ ಗಟ್ಟಿಯಾಗಿ ಬಂತು. "ಅವಳು ರಂಗೋಲಿ ಕೆಟ್ಟೀತೆಂದು ಹೇಳಿದಳು. ಬೇರೆ ಏನೂ ಹೇಳಲಿಲ್ಲ."

ಎಲೇನಾ ನೆಲ ನೋಡಿದಳು. "ಹೌದು. ಕ್ಷಮಿಸಿ."

ನನ್ನ ಅರ್ಧ ಕುಡಿದ ಬಾಟಲಿ ಇಡಲು ಹೋದೆ. ಎಂಜಲು ಇಡಬಾರದು ಎಂದು ತಡೆದಳು. ಆ ನಿಯಮ ನಮ್ಮದೇ ಅಂದುಕೊಂಡಿದ್ದೆ. ಕಾರಿನಿಂದ ಹೊಸ ಬಾಟಲಿ ತಂದುಕೊಟ್ಟಳು. ನಾನು ಇಂಥವನ್ನು ನಂಬುವವನಲ್ಲ. ಇಟ್ಟೆ. ಸುವರ್ಣಾಳ ಸಮಾಧಿಗೆ ಹೋಗದೆ ಬಹಳ ದಿನವಾಗಿತ್ತು.

ಹುಕ್ಕೇರಿ

ಹುಕ್ಕೇರಿ ನಾನು ಹುಟ್ಟಿದ ಊರು. ನಾನು ಹೊರಡುವ ಮೊದಲೇ ಗೆಳೆಯರು ಭಾಷಣ ಗೊತ್ತುಮಾಡಿದ್ದರು. ವಿಮಾನ ಇಳಿದು ಬಂದರೆ ಸಭಾಂಗಣದ ವೇದಿಕೆಯ ಮೇಲೆ ಬಟ್ಟೆಯ ಫಲಕ ತೂಗುತ್ತಿತ್ತು. 'ದೂರದ ಗ್ರಹದಲ್ಲಿ ನೀರು ಕಂಡ ನಮ್ಮೂರ ಮಾಸ್ತರರು.' ಅದರ ಕೆಳಗೇ ನಿಂತು ನೀರು ಕಂಡಿಲ್ಲ ಎಂದು ಹೇಳಿದೆ. ಕಂದೀಲು, ನೊಣ, ಮಸಿ ಎಲ್ಲ ಹೇಳಿದೆ. ಹಿಂದಿನ ಸಾಲಿನಿಂದ ಒಬ್ಬ ಹಿರಿಯ ರೈತರು ಎದ್ದರು.

"ಅಂದ್ರ ಮಾಸ್ತರ್ರ, ನೀರಿಲ್ಲ ಅಂತ ಹೇಳಾಕ ಅಷ್ಟ ದೂರ ಹೋಗಿ ಬಂದ್ರೇನು? ನಮ್ಮ ಓಣಿ ನಳದ ಮುಂದ ನಿಂತಿದ್ರ ಇಲ್ಲೇ ಹೇಳಬಹುದಿತ್ತು!"

ಸಭೆ ನಕ್ಕಿತು. ನಾನೂ ನಕ್ಕೆ. ಸಾಮಾನ್ಯವಾಗಿ ನನ್ನ ಭಾಷಣಗಳು ಸುವರ್ಣಾಳ ಪ್ರಶ್ನೆಯಿಂದ ಮುಗಿಯುತ್ತಿದ್ದವು. ಅಂದು ಹೇಗೆ ಮುಗಿಸಬೇಕೆಂದು ತಿಳಿಯದೆ, ನಮಸ್ಕಾರ ಎಂದು ಹೇಳಿ ಕೂತೆ.

ಮೂಡಲಗಿ

ಗೋಕಾಕದಲ್ಲಿ ಬೀಗ ಹಾಕಿದ್ದ ನನ್ನ ಮನೆಗೆ ಹೋಗುವ ಮನಸ್ಸಾಗದೆ ಮೂಡಲಗಿಯ ಬಸ್ಸು ಹತ್ತಿದೆ. ಗಂಗಕ್ಕ ಏನೂ ಕೇಳದೆ ರೊಟ್ಟಿ, ಝುಣಕ ಬಡಿಸಿದಳು. ನಾನೇ ಮಾತು ತೆಗೆದೆ.

"ಅಕ್ಕಾರ, ಕರದಂಟ ಅವರು ತೊಟ್ಟಿಗಿ ಹಾಕಿದ್ರು."

"ಗೊತ್ತೈತಿ ಬಿಡ್ರಿ. 'ಬಾಳ ಸೇರಿತು' ಅಂದ ಕೂಡ್ಲೇ ಗೊತ್ತಾತು. ನಿಮ್ಮ ಬಾಯಾಗ 'ಬಾಳ' ಅನ್ನೂ ಶಬ್ದ ಎಂದಾರ ಬಂದೈತೇನು? ಎಲ್ಲಾಕೂ 'ಇದ್ರೂ ಇರಬಹುದು' ಅನ್ನೂ ಮನಷ್ಯಾ."

ಮರುದಿನ ಬೆಳಕು ಹರಿಯುವಾಗ ಹೊರಗೆ ಬಂದು ನಿಂತೆ. ರೂಢಿಯಂತೆ ತಲೆ ಮೇಲಕ್ಕೇ ಹೋಯಿತು. ಪೂರ್ವದಲ್ಲಿ ಒಂದೆರಡು ಉಳಿದಿದ್ದವು.

"ಬಾಜೂ ಸರೀರಿ ಮಾಸ್ತರ್ರ. ಚುಕ್ಕಿ ಮ್ಯಾಲ ನಿಂತೀರಿ."

ಗಂಗಕ್ಕನ ದನಿ ಎಂದು ತಿಳಿಯಲು ಒಂದು ಗಳಿಗೆ ಬೇಕಾಯಿತು. ಅಕ್ಕತಂಗಿಯರ ದನಿ ಇಷ್ಟು ಹತ್ತಿರವೆಂದು ಎಂದೂ ಗಮನಿಸಿರಲಿಲ್ಲ. ಅಥವಾ ನನಗೀಗ ಹಾಗೆ ಕೇಳುತ್ತದೆಯೋ. ಸರಿದು ನಿಂತೆ. ಹಿಮ್ಮಡಿಗೆ ಬಿಳಿ ಹತ್ತಿತ್ತು.

"ಅಕ್ಕಾರ, ಆಕಿ ಅವತ್ತ ಹ್ಯಾಂಗ ಅಂದಿದ್ಲು? ಇನ್ನೊಮ್ಮೆ ಹೇಳ್ರಿ."

ಗಂಗಕ್ಕ ಬಗ್ಗಿದವಳು ಹಾಗೇ ನಿಂತಳು. ಸೆರಗಿನಿಂದ ಮೂಗು ಒರಸಿಕೊಂಡಳು. ಆಮೇಲೆ ನನ್ನ ಕಡೆ ನೋಡದೆ, ನೆಲದ ಕಡೆ ನೋಡುತ್ತ ಹೇಳಿದಳು.

"ಆ ಚುಕ್ಕಿಗಿ ನೀರ ಹತ್ತೇತೇನ್ರಿ?"

ನಾನು ಕುಕ್ಕರಗಾಲಿನಲ್ಲಿ ಕೂತೆ. ಕನ್ನಡಕ ತೆಗೆದು ಒರೆಸಿ ಹಾಕಿಕೊಂಡೆ. ಒಂದೊಂದೇ ಚುಕ್ಕಿಯನ್ನು ಸಾಲು ಹಿಡಿದು ಕೊನೆಯವರೆಗೂ ನೋಡಿದೆ.

"ಇಲ್ಲ," ಎಂದೆ. "ಹತ್ತಿಲ್ಲ."